‘ಪರದೆ ಅತಿ ಸಣ್ಣದು’

ಇಪ್ಪತ್ತು ಕಂಪ್ಯೂಟರುಗಳಿರುವ ಕೋಣೆಯಲ್ಲಿ ದಿನಕ್ಕೊಂದು ತಮಾಷೆ ಆಗದಿದ್ದರೆ ಅವತ್ತು ಕರೆಂಟ್ ಹೋಗಿದೆ ಎಂದೇ ಅರ್ಥ. ಧಾರವಾಡದ ಒಂದು ಕಾಲೇಜಿನಲ್ಲಿ ಅಂಥ ಲ್ಯಾಬ್ ನೋಡಿಕೊಳ್ಳುವವಳು ನಾನು. ಕಾಯಂ ನೌಕರಿಯಲ್ಲ. ಪ್ರಾಚಾರ್ಯರು ಪ್ರತಿ ಬೇಸಿಗೆಗೂ “ಮುಂದಿನ ವರ್ಷಾನೂ ಬರ್ರಿ” ಎಂದರೆ ಉಂಟು, ಇಲ್ಲವಾದರೆ ಇಲ್ಲ.

ನಮ್ಮ ಹುಡುಗರು ವಿಂಡೋಸ್ ಥರದ್ದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್ ಕಲಿಯುವುದು ವರ್ಚುವಲ್ ಮಶೀನಿನಲ್ಲಿ. ಅಂದರೆ, ಇದ್ದ ಕಂಪ್ಯೂಟರಿನ ಒಳಗೇ ಇನ್ನೊಂದು ಕಂಪ್ಯೂಟರ್ ಇದೆ ಎಂದು ನಂಬಿಸುವ ಸಾಫ್ಟ್‌ವೇರ್. ಮನೆಯಲ್ಲಿ ಒಂದು ಖೋಲಿ ಬಿಟ್ಟುಕೊಟ್ಟು ಬಾಡಿಗೆಯವರನ್ನು ಇಟ್ಟುಕೊಂಡ ಹಾಗೆ. ನಮ್ಮ ಬಾಡಿಗೆಯವನಿಗೆ ಸಿಕ್ಕ ಕಿಟಕಿ ಮಾತ್ರ ಅಂಗೈ ಅಗಲದ್ದು. ಅಷ್ಟು ದೊಡ್ಡ ಮಾನಿಟರಿನ ನಡುವೆ ಲಿನಕ್ಸ್ ಪುಟ್ಟ ಚೌಕದಲ್ಲಿ ಮುದುಡಿಕೊಂಡು ಕೂತಿರುತ್ತಿತ್ತು.

ಹೋದ ವರ್ಷ ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಲ್ಯಾಬಿನ ರಜಿಸ್ಟರಿನಲ್ಲಿ ‘ಪರದೆ ಅತಿ ಸಣ್ಣದು’ ಎಂದು ಬರೆದು ಹೋದರು. ಪ್ರಾಚಾರ್ಯರು ನನ್ನನ್ನು ಕರೆಸಿದರು. “ಮತ್ತೊಮ್ಮೆ ಇದಽ ಮಾತು ಬಂತಂದ್ರ, ನಿಮ್ಮನ್ನ ಇಟ್ಕೊಳ್ಳೋದು ನನಗ ತ್ರಾಸ ಆಗ್ತದ ನೋಡ್ರಿ” ಎಂದರು. ನನಗೆ ಈ ಲ್ಯಾಬ್ ಅಂದರೆ ಜೀವ. ಅವತ್ತಿನಿಂದ ಪರದೆಯ ಬೆನ್ನು ಹತ್ತಿದೆ.

ಕೆಳಗಿನ ಬಟನ್

ಪರದೆ ದೊಡ್ಡದು ಮಾಡುವ ಸೆಟ್ಟಿಂಗ್ ಲಿನಕ್ಸಿನಲ್ಲೇ ಇದೆ. ತೆರೆದೆ, ಅಳತೆ ಆರಿಸಿದೆ, ಇನ್ನು ‘ಅಪ್ಲೈ’ ಬಟನ್ ಒತ್ತಬೇಕು. ಅದು ಕಾಣಲೇ ಇಲ್ಲ. ಸೆಟ್ಟಿಂಗಿನ ಪುಟ ಆ ಸಣ್ಣ ಪರದೆಯಲ್ಲಿ ಹಿಡಿಸದೆ, ಬಟನ್ ಕೆಳಗೆಲ್ಲೋ ಉಳಿದುಬಿಟ್ಟಿತ್ತು. ಪರದೆ ದೊಡ್ಡದಾಗಲು ಬಟನ್ ಒತ್ತಬೇಕು, ಬಟನ್ ಕಾಣಲು ಪರದೆ ದೊಡ್ಡದಾಗಬೇಕು!

ನಮ್ಮ ವಿಭಾಗದ ಮುಖ್ಯಸ್ಥರು ನಿವೃತ್ತಿಯ ಹೊಸ್ತಿಲಲ್ಲಿರುವ ಹಿರಿಯರು, ದೇವರಂಥ ಮನುಷ್ಯ. ಅವರು ಬಂದು ನನ್ನ ಪಕ್ಕ ಕೂತರು.

“ಬಟನ್ ಎಲ್ಲದ ಅಂತೀರಿ?”

“ಕೆಳಗ ಅದರಿ ಸರ್. ಕಾಣವಲ್ದು.”

ಸರ್ ಎದ್ದರು. ಮೂಗಿನ ಮೇಲಿನ ಚಾಳೀಸು ಸರಿ ಮಾಡಿಕೊಂಡರು. ತುದಿಗಾಲ ಮೇಲೆ ನಿಂತು, ಕಾಂಪೌಂಡಿನ ಮೇಲಿಂದ ಪಕ್ಕದ ಮನೆಯ ಹಿತ್ತಲು ನೋಡುವಂತೆ, ಪರದೆಯ ಕೆಳಗಿನ ಅಂಚಿನೊಳಗೆ ಇಣುಕಿದರು.

ಆಲ್ಟ್ ಕೀಲಿ ಒತ್ತಿ ಹಿಡಿದು ಪುಟವನ್ನು ಮೇಲಕ್ಕೆ ಎಳೆಯಬಹುದು ಎಂದು ನನಗೆ ತಿಳಿದದ್ದು ಮರುದಿನ. ಆದರೆ ಸರ್ ಅವರನ್ನು ನೋಡಿ ನಗುವ ಅಧಿಕಾರ ನನಗಿಲ್ಲ. ಅವರು ಕೂತ ಮೇಲೆ ನಾನೂ ಎದ್ದು ಒಮ್ಮೆ ಇಣುಕಿದ್ದೆ.

ಒಳಗೆ ಸಿಕ್ಕ ಮೌಸ್

ಹೀಗೆ ದೊಡ್ಡದು ಮಾಡಿದ ಪರದೆ ಯಂತ್ರ ಬಂದ್ ಮಾಡಿದರೆ ಮತ್ತೆ ಸಣ್ಣದಾಗುತ್ತಿತ್ತು. ಎಷ್ಟು ಹೊತ್ತು ನಿಲ್ಲುತ್ತದೆ ನೋಡಲು ಸರ್ ಅವರನ್ನು ಒಂದು ಯಂತ್ರದ ಮುಂದೆ ಕೂರಿಸಿ, ನಾನು ಕೇಬಲ್ ತರಲು ಹುಬ್ಬಳ್ಳಿಯ ಗೋಕುಲ ರಸ್ತೆಗೆ ಹೋದೆ. ಒಂದು ಮಾತು ಹೇಳುವುದು ಮರೆತೆ. ವರ್ಚುವಲ್ ಮಶೀನಿನೊಳಗೆ ಕ್ಲಿಕ್ ಮಾಡಿದರೆ ಮೌಸ್ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಬಲಗಡೆಯ ಕಂಟ್ರೋಲ್ ಕೀಲಿ ಒತ್ತಿದರೆ ಮಾತ್ರ ಹೊರಗೆ ಬರುತ್ತದೆ. ಆ ಕೀಬೋರ್ಡಿನಲ್ಲಿ ಬಲಗಡೆಯ ಕಂಟ್ರೋಲ್ ಎಂದೋ ಕಿತ್ತುಹೋಗಿತ್ತು.

ಮರಳಿ ಬಂದಾಗ ಮಧ್ಯಾಹ್ನ. ಸರ್ ಕೂತಲ್ಲೇ ಕೂತಿದ್ದರು. ಹೊರಗೆ ಬರಲಾಗದೆ, ಸುಮ್ಮನೆ ಯಾಕೆ ಕೂರಬೇಕೆಂದು, ತಾವು ತಯಾರಿಸಬೇಕಿದ್ದ ಇಡೀ ಪ್ರಶ್ನೆಪತ್ರಿಕೆಯನ್ನು ಲಿನಕ್ಸಿನಲ್ಲೇ ಟೈಪ್ ಮಾಡಿ ಮುಗಿಸಿದ್ದರು. “ನಂಗ ಇದೆಲ್ಲ ಬ್ಯಾಡ್ರಿ” ಎಂದು ವರ್ಷಗಟ್ಟಲೆ ಲಿನಕ್ಸ್ ಮುಟ್ಟದಿದ್ದವರು ಅವರು!

ನನಗೆ ನಾಚಿಕೆಯಾಯಿತು. ಪೆನ್ನಿನ ತುದಿಯಿಂದ ಆ ಕೀಲಿಯ ಜಾಗವನ್ನು ಒತ್ತಲು ಹೋದರೆ ಸರ್ ಕೈ ಹಿಡಿದರು. “ಇರಲಿ ಬಿಡ್ರಿ ಮೇಡಂ. ಒಳಗ ಭಾಳ ಶಾಂತ ಅದ.”

ಮಾವಶಿಯ ಕುಂಕುಮ

ಲ್ಯಾಬ್ ಕಸಗುಡಿಸುವ ಹೆಂಗಸನ್ನು ನಾವೆಲ್ಲ ಕರೆಯುವುದು ಮಾವಶಿ ಎಂದು. ಅವರು ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಎಲ್ಲ ಮಾನಿಟರುಗಳಿಗೆ ವಿಭೂತಿ ಹಚ್ಚುತ್ತಾ ಬಂದರು. “ಅಕ್ಕಾರ, ಹೊರಗಿಂದಕ್ಕ ಹಚ್ಚೇನ್ರಿ. ಒಳಗೂ ಒಂದೈತಿ ಅಂತೀರಲ್ಲ, ಅದಕ್ಕ?” ಎಂದು ಕೇಳಿದರು. ಕೇಳಿದ ಬೆನ್ನಿಗೇ ಪ್ರತಿ ಪರದೆಯ ಸಣ್ಣ ಚೌಕದ ಹಣೆಗೂ ಒಂದೊಂದು ಕುಂಕುಮದ ಬೊಟ್ಟು ಬಿತ್ತು.

ಕೊನೆಯ ಯಂತ್ರದಲ್ಲಿ ಚೌಕ ಪೂರ್ತಿ ಕಪ್ಪು. ಪರದೆ ಹಿಗ್ಗಬಹುದೆಂಬ ಆಸೆಗೆ ಹಿಂದಿನ ದಿನ ನಾನೇ ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ಯಾವುದೋ ಗುರುತು ಹಾಕಿ ಕೆಡಿಸಿದ್ದೆ. ಆಗಷ್ಟೇ ಆ ಗುರುತು ತೆಗೆದು, ಮತ್ತೆ ಚಾಲೂ ಮಾಡಿ ಕಾಯುತ್ತಿದ್ದೆ. ಮಾವಶಿ ಅಂದಾಜಿನ ಮೇಲೆ ಕತ್ತಲೆಗೇ ಬೊಟ್ಟಿಟ್ಟರು. ಮರುಕ್ಷಣ ಪರದೆ ಬೆಳಗಿತು.

ಈಗ ಪರದೆ ಕೆಟ್ಟರೆ ಹುಡುಗಿಯರು ಕರೆಯುವುದು ಮಾವಶಿಯನ್ನು. ಮಾವಶಿಯೂ ಕರುಣೆಯಿಂದ ನನ್ನನ್ನು ಜೊತೆಗೆ ಕರೆಯುತ್ತಾರೆ. “ನೀವೂ ಬರ್ರಿ ಅಕ್ಕಾರ, ನೋಡಿ ನೋಡಿ ಕಲೀತೀರಿ.”

ಡಬ್ಬಿ ಎಲ್ಲೈತಿ?

ಅಂತೂ ಸರಿಯಾದ ಮದ್ದು ಸಿಕ್ಕಿತು. ಒಳಗಿನ ಲಿನಕ್ಸಿಗೆ ಒಂದು ಪೂರಕ ಸಾಫ್ಟ್‌ವೇರ್ ಹಾಕಿದರೆ ಪರದೆ ತಾನಾಗಿಯೇ ಮಾನಿಟರಿನ ತುಂಬ ಹರಡುತ್ತದೆ. ಒಂದು ವಾರ ಕೂತು ಇಪ್ಪತ್ತಕ್ಕೂ ಹಾಕಿದೆ. ಪರೀಕ್ಷೆಯ ದಿನ ಇಪ್ಪತ್ತು ಮಾನಿಟರಿನಲ್ಲೂ ಲಿನಕ್ಸ್ ಅಂಚಿನಿಂದ ಅಂಚಿಗೆ ಕಾಲು ಚಾಚಿ ಕೂತಿತ್ತು. ನೋಡಿ ನನ್ನ ಕಣ್ಣು ತುಂಬಿತು.

ಈ ಸಲ ಬೇರೆ ಪರೀಕ್ಷಕರು. ಒಂದು ಸುತ್ತು ಹಾಕಿ ಹುಬ್ಬು ಗಂಟಿಕ್ಕಿದರು.

“ವರ್ಚುವಲ್ ಮಶೀನ್ ಎಲ್ಲೈತ್ರಿ?”

“ಇದಽ ಸರ್.”

“ಇದು ನೆಟ್ಟಗ ಲಿನಕ್ಸ್ ಹಾಕಿದ ಕಂಪ್ಯೂಟರ್. ನಾ ಎಷ್ಟು ಕಾಲೇಜ್ ನೋಡೇನಿ! ವರ್ಚುವಲ್ ಮಶೀನ್ ಅಂದ್ರ ನಡುವ ಒಂದು ಸಣ್ಣ ಡಬ್ಬಿ ಇರ್ತೈತಿ. ಡಬ್ಬಿ ಎಲ್ಲೈತಿ?”

ಬಲಗಡೆಯ ಕಂಟ್ರೋಲ್ ಕೀಲಿ ಬಳಸಿ ಒಂದು ಯಂತ್ರದಲ್ಲಿ ಪರದೆ ಕುಗ್ಗಿಸಿ ತೋರಿಸಿದೆ. “ಇದು ಒಂದಾತು. ಉಳಿದವು? ಡಬ್ಬಿ ಕಾಣೋತನಕ ಪರೀಕ್ಷಾ ಚಾಲೂ ಮಾಡಂಗಿಲ್ಲ” ಎಂದು ಕೈಕಟ್ಟಿ ನಿಂತರು.

ನಮ್ಮ ಸರ್ ಮುಂದೆ ಬಂದು, “ಹುಡುಗರಽ, ಎಲ್ಲಾರೂ ಡಬ್ಬಿ ಮಾಡ್ರಿ!” ಎಂದು ಕೂಗಿದರು. ಕೀಲಿ ಕಿತ್ತುಹೋದ ಯಂತ್ರಕ್ಕೆ ತಾವೇ ಪೆನ್ನು ಹಿಡಿದು ಓಡಿದರು. ಪರೀಕ್ಷಕರಿಗೆ ಇನ್ನೂ ಸಂಶಯ ಬಂದೀತೆಂದು ಹೆದರಿದ ಹುಡುಗರು ಎಳೆದು ಎಳೆದು ಪರದೆಯನ್ನು ಮತ್ತೆ ಅಂಗೈ ಅಗಲಕ್ಕೆ ತಂದಿಟ್ಟರು. ನನ್ನ ಒಂದು ವಾರದ ದುಡಿಮೆ ಎರಡು ನಿಮಿಷದಲ್ಲಿ ಮಾಯ.

“ಹಾಂ, ಈಗ ಖರೇ ವರ್ಚುವಲ್ ಮಶೀನ್” ಎಂದು ಪರೀಕ್ಷಕರು ಹಿಗ್ಗಿದರು. ಹುಡುಗರೆಲ್ಲ ಚೆನ್ನಾಗಿ ಮಾಡಿದರು. ಪರೀಕ್ಷಕರು ಚಹಾ ಕುಡಿದು, ರಜಿಸ್ಟರಿನಲ್ಲಿ ಬರೆದು ಹೋದರು: ‘ಪರೀಕ್ಷೆ ಸುಸೂತ್ರ. ಪರದೆ ಸಣ್ಣದು.’

ಪ್ರಾಚಾರ್ಯರ ಮುಂದೆ ರಜಿಸ್ಟರ್ ಇಟ್ಟು ತಲೆ ತಗ್ಗಿಸಿ ನಿಂತೆ. ನೌಕರಿ ಹೋಯಿತೆಂದೇ ಲೆಕ್ಕ. ಅವರು ಹೋದ ವರ್ಷದ ಪುಟ ತೆಗೆದರು, ಈ ವರ್ಷದ ಪುಟ ತೆಗೆದರು, ಎರಡನ್ನೂ ಮತ್ತೆ ಮತ್ತೆ ಓದಿದರು.

“ಹೋದ ವರ್ಷ ‘ಅತಿ ಸಣ್ಣದು’ ಅಂತ ಇತ್ತು. ಈಗ ಬರೇ ‘ಸಣ್ಣದು’. ಭಾಳ ಸುಧಾರಣಾ ಮಾಡೀರಿ! ಮುಂದಿನ ವರ್ಷಾನೂ ಬರ್ರಿ.”