ಟಾರ್ಚಿನ ಏಟು

"ರೀ, ಇವತ್ತೇನು ಅಂತ ನೆನಪಿದೆ ತಾನೆ?" ಎಂದು ಹೆಂಡತಿ ಕೇಳಿದಳು.

"ನೆನಪಿಲ್ದೆ ಏನು," ಎಂದು ಸಿನಿಮಾ ಆಪರೇಟರ್ ಚಪ್ಪಲಿ ಮೆಟ್ಟಿದ.

"ಹಾಗಾದ್ರೆ ಮ್ಯಾಟಿನಿಗೆ ರಜೆ ಹಾಕಿ ಬಂದುಬಿಡಿ."

ಬೀದಿ ದಾಟುವಷ್ಟರಲ್ಲಿ ಅದೂ ಮರೆತುಹೋಯಿತು. ಹಳೆಯ ಹಿಂದಿ ಸಿನಿಮಾಗಳನ್ನೇ ಹಾಕುವ ಟಾಕೀಸಿನಲ್ಲಿ ಇಪ್ಪತ್ತೆಂಟು ವರ್ಷ ರೀಲು ಓಡಿಸಿದವನು. ಯಾವ ನಾಯಕಿ ಎಷ್ಟನೇ ರೀಲಿನಲ್ಲಿ ಅಳುತ್ತಾಳೆಂಬುದು ಬಾಯಿಪಾಠ, ಮನೆಯ ವಿಷಯ ಮಾತ್ರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಮ್ಯಾಟಿನಿಯ ಕೊನೆಗೆ ತೆರೆಯ ಮೇಲೆ ಮದುವೆಯ ಹಾರ ಬದಲಾದಾಗ ಬೆಳಿಗ್ಗೆ ಹೆಂಡತಿ ಕೇಳಿದ್ದು ನೆನಪಾಯಿತು. ಇವತ್ತು ಮದುವೆಯಾದ ದಿನವೇ ಇರಬೇಕು. ಹೋದ ವರ್ಷ ಮರೆತಾಗಲೇ ಆಕೆ, ಇನ್ನೊಮ್ಮೆ ಹೀಗಾದರೆ ಅಕ್ಕನ ಮನೆಗೆ ಹೋಗಿಬಿಡುತ್ತೇನೆ ಎಂದಿದ್ದಳು.

ಗಾಬರಿಯಲ್ಲಿ ಕ್ಯಾಬಿನ್ನಿನ ಮೆಟ್ಟಿಲಿಳಿಯುವಾಗ ಕಾಲು ಜಾರಿತು. ಪೆಟ್ಟೇನೂ ಆಗಲಿಲ್ಲ, ಉಪಾಯ ಹೊಳೆಯಿತು. ಸಿನಿಮಾದ ನಾಯಕ ತಲೆಗೆ ಏಟು ಬಿದ್ದು ಪ್ರೇಯಸಿಯನ್ನೇ ಮರೆತಿದ್ದ. ಅವನನ್ನು ಯಾರೂ ಬೈದಿರಲಿಲ್ಲ.

"ನಾನು ಯಾರು? ಇದು ಯಾವ ಜಾಗ?" ಎಂದು ಆಪರೇಟರ್ ನರಳಿದ.

ಬೇರೆ ಕಡೆಯಾಗಿದ್ದರೆ ಡಾಕ್ಟರನ್ನು ಕರೆಯುತ್ತಿದ್ದರು. ಇಲ್ಲಿದ್ದವರೆಲ್ಲ ಅವೇ ಸಿನಿಮಾಗಳನ್ನು ನೂರಾರು ಸಲ ನೋಡಿದವರು.

"ಇನ್ನೊಂದು ಏಟು ಬಿದ್ರೆ ಸರಿಹೋಗತ್ತೆ," ಎಂದು ಗೇಟ್‌ಕೀಪರ್ ಉದ್ದನೆಯ ಟಾರ್ಚ್ ಎತ್ತಿದ.

"ಬೇಡಣ್ಣ, ಬೇಡ," ಎಂದು ನೆನಪಿಲ್ಲದವನು ಕೈಮುಗಿದ.

"ಹಳೇ ಹಾಡು ಕೇಳಿದ್ರೆ ನೆನಪು ಬರತ್ತೆ," ಎಂದು ಕ್ಯಾಂಟೀನಿನವನು ಶುರುಮಾಡಿಯೇಬಿಟ್ಟ. ಅವನ ದನಿಗೆ ಇದ್ದ ನೆನಪೂ ಹೋಗುವಂತಿತ್ತು.

ಯಾರೋ ಫೋನ್ ಮಾಡಿದ್ದರು. ಹೆಂಡತಿ ಕೈಯ ಸೋಪನ್ನೂ ತೊಳೆಯದೆ ಓಡಿಬಂದಳು. ನೆಲದ ಮೇಲೇ ಕೂತು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮದುವೆಗೆ ಮುಂಚೆ ಇದೇ ಟಾಕೀಸಿನಲ್ಲಿ ಇಬ್ಬರೂ ಕೇಳಿದ್ದ ಹಾಡನ್ನು ಮೆಲ್ಲಗೆ ಗುನುಗಿದಳು.

"ನನ್ನ ಮರೆತ್ರೂ ಪರವಾಗಿಲ್ಲ. ನೀವು ಚೆನ್ನಾಗಿದ್ರೆ ಸಾಕು," ಎಂದಳು.

ಆಪರೇಟರನ ಕಣ್ಣು ತುಂಬಿಬಂತು. ಇಂಥವಳು ಸಿಕ್ಕಿದ್ದು, ಒಮ್ಮೆ ಕಾಲು ಜಾರಿದ್ದಕ್ಕೆ ಇಷ್ಟು ಜನ ಓಡಿಬಂದದ್ದು, ಎಲ್ಲ ತನ್ನ ಪುಣ್ಯವೆನಿಸಿತು. ಇನ್ನು ನಾಟಕವಾಡಲು ಮನಸ್ಸು ಬರಲಿಲ್ಲ.

"ಎಲ್ಲಾ ನೆನಪಾಯ್ತು ಕಣೇ. ಇವತ್ತು ನಮ್ಮ ಮದುವೆಯಾದ ದಿನ."

ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಂಡತಿ ಮಾತ್ರ ಅವನ ತಲೆಯನ್ನು ತೊಡೆಯಿಂದ ನೆಲಕ್ಕಿಳಿಸಿದಳು.

"ಇವತ್ತು ನೀರಿನ ಟ್ಯಾಂಕ್ ತೊಳೆಯೋ ದಿನ. ಬೆಳಿಗ್ಗೆ ಕೇಳಿದ್ದು ಅದನ್ನ. ಒಬ್ಳೇ ತೊಳೀತಿದ್ದೆ. ಈಗ ಹೇಳಿ, ನಮ್ಮ ಮದುವೆಯಾದ ದಿನ ಯಾವತ್ತು?"

ಆಪರೇಟರ್ ಸುತ್ತ ನೋಡಿದ. ಅದನ್ನು ಹೇಳಿಕೊಡುವವರು ಅಲ್ಲಿ ಯಾರೂ ಇರಲಿಲ್ಲ. ಆದರೆ ಗೇಟ್‌ಕೀಪರ್ ಇನ್ನೂ ಟಾರ್ಚ್ ಹಿಡಿದೇ ನಿಂತಿದ್ದ. ಅವನನ್ನು ಕಂಡು ಆಪರೇಟರನಿಗೆ ಮತ್ತೆ ಕೃತಜ್ಞತೆ ಉಕ್ಕಿಬಂತು.

"ಅಣ್ಣಾ, ಆಗ್ಲೇ ಹೊಡೀತೀನಿ ಅಂದ್ಯಲ್ಲ, ಈಗ ಹೊಡಿ," ಎಂದು ತಲೆ ಒಡ್ಡಿದ.