ಅತ್ತೆಯ ಬಾಗಿದ ಪೈನ್ ಸಸಿಗಳು

ನಮ್ಮ ಸೋದರತ್ತೆಗೆ ನೆಟ್ಟಗೆ ನಿಂತ ಗಿಡ ಕಂಡರೆ ಆಗಿಬರುವುದಿಲ್ಲ! ಗಾಳಿಗೆ ವಾಲಿದ್ದು ಕಂಡರೆ ಮಾತ್ರ ಮುಖ ಅರಳುತ್ತದೆ. ಶಹಾಪುರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ಪಿಎಚ್‌ಡಿಗೆ ಆರಿಸಿಕೊಂಡದ್ದು ಬೇವಲ್ಲ, ಜಾಲಿಯಲ್ಲ, ತಂಪು ಗುಡ್ಡಗಳಲ್ಲಿ ಬೆಳೆಯುವ ಪೈನ್ ಮರದ ಕಟ್ಟಿಗೆ. ನಮ್ಮ ಬಿಸಿಲಿಗೆ ಕಾಗೆಯೇ ನೆರಳು ಹುಡುಕುವಾಗ ಪೈನ್ ಎಲ್ಲಿಂದ ಬರಬೇಕು?

ಆದರೂ ಬಂತು, ಮೊದಲು ಸೇಬಿನ ಪೆಟ್ಟಿಗೆಯಾಗಿ. ಬಸ್ ಸ್ಟ್ಯಾಂಡಿನ ಹಣ್ಣಿನ ಅಂಗಡಿಯಲ್ಲಿ ಅತ್ತೆ ಹಲಗೆಗೆ ಮೂಗು ಹಚ್ಚಿ ನಿಂತಿದ್ದನ್ನು ಕಂಡು ಅಂಗಡಿಯವನು ಗಾಬರಿಯಾದ.

“ಮೇಡಂ, ಹಣ್ಣು ಬಿಟ್ಟು ಪೆಟ್ಟಿಗಿ ಮೂಸಾಕತ್ತೀರಲ್ರಿ!”

“ಹಣ್ಣು ನೀವಾ ಇಟ್ಕೋರಿ. ಪೆಟ್ಟಿಗಿ ಕೊಡ್ರಿ.”

ಅಂದಿನಿಂದ ಅವನು ನಮ್ಮ ಮನೆಯವರು ಯಾರೇ ಹೋದರೂ ಒಮ್ಮೆ ಮುಖ ನೋಡಿಯೇ ಹಣ್ಣು ತೂಗುತ್ತಾನೆ.

ಆಮೇಲೆ ಸಸಿಗಳೇ ಬಂದವು, ಹನ್ನೆರಡು. ಅಂಗಳದಲ್ಲಿ ತೋಯಿಸಿದ ಗೋಣಿಚೀಲದ ಚಪ್ಪರ, ಅದರೊಳಗೆ ಮನೆಗಿದ್ದ ಒಂದೇ ಒಂದು ಟೇಬಲ್ ಫ್ಯಾನು! “ಮನಶ್ಯಾರು ಬೆವರಾಕತ್ತೇವಿ, ಗಿಡಕ್ಕ ಗಾಳಿ!” ಎಂದು ಅಪ್ಪ ಟವೆಲ್ ಬೀಸಿಕೊಂಡ. ಅತ್ತೆ ಆರು ಸಸಿಗಳನ್ನು ನೆಟ್ಟಗೆ ಬಿಟ್ಟಳು, ಇನ್ನಾರನ್ನು ಬಿದಿರುಕಡ್ಡಿಗೆ ಕಟ್ಟಿ ಓರೆಯಾಗಿ ಬಾಗಿಸಿದಳು. ಬಾಗಿದ ಪೈನ್ ತನ್ನ ಕೆಳಬದಿಯಲ್ಲಿ ಬೇರೆಯದೇ ಗಟ್ಟಿ ಕಟ್ಟಿಗೆ ಕಟ್ಟಿಕೊಂಡು ತನ್ನನ್ನು ತಾನೇ ಮೇಲಕ್ಕೆ ನೂಕಿಕೊಳ್ಳುತ್ತದಂತೆ. ಆಗ ಯಾವ ಜೀನ್‌ಗಳು ಎಚ್ಚರಾಗುತ್ತವೆ ಎಂಬುದೇ ಅವಳ ಹುಡುಕಾಟ.

“ಎಚ್ಚರಾಗೂದಂದ್ರ ಏನತ್ತಿ?” ಎಂದೆ.

“ನಮ್ಮ ಮನ್ಯಾಗ ಎಲ್ಲರಿಗೂ ಬಾಯಿ ಅದ, ಹೌದಿಲ್ಲೊ? ಆದ್ರ ಯಾರು ಯಾವಾಗ ಬಾಯಿ ಬಿಡ್ತಾರ ಅನ್ನೂದರ ಮ್ಯಾಲ ಮನಿ ನಡೀತದ. ಜೀನೂ ಹಂಗಾ.”

ಅಷ್ಟರಲ್ಲಿ ಅವಳನ್ನು ನೋಡಲು ರಂಗಂಪೇಟೆಯಿಂದ ವರನ ಕಡೆಯವರು ಬಂದರು. ವರನ ತಂದೆ ಪಾಪ, ಒಳ್ಳೆಯ ಮನುಷ್ಯ. “ಅಯ್ಯ, ಸಸಿ ವಾಲ್ಯಾವಲ್ಲ!” ಎಂದು ಅಂಗಳದಲ್ಲೇ ಒಂದಕ್ಕೆ ಕೈ ಹಾಕಿದರು. ಒಳಗಿನಿಂದ ಹೆಣ್ಣೇ ಚೀರುತ್ತ ಓಡಿ ಬಂತು: “ಏ, ಕೈ ತಗೀರಿ!” ಅವರು ಚಹಾ ಕೂಡ ಕುಡಿಯದೆ ಹೋದರು. ಅತ್ತೆಗೆ ಅದರ ಪರಿವೆಯೇ ಇಲ್ಲ. ಕಟ್ಟು ಸಡಿಲಾಯಿತೇನೋ ಎಂದು ಮೂರು ಸಲ ನೋಡಿದಳು. ಬಾಗಿದ ಸಸಿ ಒಂದು ತಾಸು ನೆಟ್ಟಗಾದರೂ ಇಡೀ ಪ್ರಯೋಗ ಕೆಟ್ಟಂತೆ!

ಹೀಗೇ ಮೂರು ತಿಂಗಳಾಯಿತು. ಮರುದಿನ ಕಾಂಡ ಕತ್ತರಿಸಿ, ಆ ಕ್ಷಣವೇ ಹೆಪ್ಪುಗಟ್ಟಿಸಿ ಪ್ರಯೋಗಾಲಯಕ್ಕೆ ಒಯ್ಯಬೇಕು ಎನ್ನುವಾಗ ಅತ್ತೆ ಕಾಲೇಜಿನಿಂದ ಬೇಗ ಬಂದಳು. ನೋಡಿದರೆ, ಆಯಿ, ಅಂದರೆ ಅವಳ ತಾಯಿ, ನನ್ನ ಅಜ್ಜಿ, ಹುರಿ ಬಿಚ್ಚಿ ಸಸಿಗಳನ್ನು ಒಂದೊಂದಾಗಿ ನೆಟ್ಟಗೆ ನಿಲ್ಲಿಸುತ್ತಿದ್ದಾಳೆ!

“ಯವ್ವಾ! ಏನ್ ಮಾಡಾಕತ್ತಿ?”

“ಹೆದರಬ್ಯಾಡ. ದಿನಾ ಮಧ್ಯಾಹ್ನ ಒಂದ್ ತಾಸ ಬಿಚ್ತೀನಿ. ನೀ ಬರೂದ್ರಾಗ ಮತ್ತ ಹಂಗಾ ಕಟ್ತೀನಿ.”

ದಿನಾ! ಅತ್ತೆ ಕೈಯಲ್ಲಿದ್ದ ಚೀಲ ಅಲ್ಲೇ ಎಸೆದಳು. “ಮೂರ್ ತಿಂಗಳು ಮಣ್ಣಾತು! ನನ್ನ ಪಿಎಚ್‌ಡಿ ಮುಳುಗಿಸಿದಿ! ಯಾರ್ ಹೇಳಿದ್ರು ನಿನಗ?”

ಕಾಲುವೆಗೆ ನೀರು ಬಂದ ವರ್ಷದಿಂದ ಮಂದಿಯ ಗದ್ದೆಯಲ್ಲಿ ಭತ್ತದ ನಾಟಿ ಹಚ್ಚಿ ಮಕ್ಕಳನ್ನು ಸಾಕಿದವಳು ಆಯಿ. ಅವಳ ನಡು ಈಗ ಪೂರ್ತಿ ನೆಟ್ಟಗಾಗುವುದಿಲ್ಲ. ಹುರಿ ಕೈಯಲ್ಲಿ ಹಿಡಿದುಕೊಂಡೇ ಅಂದಳು:

“ಯಾರೂ ಹೇಳಿಲ್ಲವಾ. ನಾಟಿ ಹಚ್ಚೂಮುಂದ ನಮಗೂ ಯಾರರೆ ಒಂದ್ ತಾಸ ನೆಟ್ಟಗ ನಿಂದ್ರು ಅಂದಿದ್ರ ಎಷ್ಟ ಛಲೋ ಇರ್ತಿತ್ತು ಅನ್ನಿಸ್ತು, ಬಿಚ್ಚಿದೆ.”

ಆಯಿಯನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಅತ್ತೆ ಸಂಜೆಯವರೆಗೆ ಅವಳ ನಡು ಒತ್ತುತ್ತ ಕೂತಳು.

ಮರುವರ್ಷ ಹದಿನೆಂಟು ಸಸಿ ಬಂದವು. ಆರು ನೆಟ್ಟಗಿನವು, ಆರು ಬಾಗಿದವು, ಇನ್ನಾರು ದಿನಕ್ಕೊಂದು ತಾಸು ಬಿಡುವು ಸಿಗುವಂಥವು. ಬಿಚ್ಚಿ ಕಟ್ಟುವ ಹೊಣೆ ಆಯಿಯದು! ಪಿಎಚ್‌ಡಿಯ ಮೌಖಿಕ ಪರೀಕ್ಷೆಯ ದಿನ ನಾನೂ ಹಿಂದಿನ ಬೆಂಚಿನಲ್ಲಿದ್ದೆ. ಈ ಮೂರನೆಯ ಗುಂಪು ಯಾರ ಕಲ್ಪನೆ ಎಂದು ಪರೀಕ್ಷಕರು ಕೇಳಿದರು.

“ನಮ್ಮವ್ವಂದ್ರಿ.”

“ಅವರು ಏನು ಓದಿದ್ದಾರೆ?”

“ಓದಿಲ್ರಿ,” ಎಂದಳು ಅತ್ತೆ. “ನಾ ಓದ್ಲಿ ಅಂತ ಬಾಗ್ಯಾಳ.”