ಬೆಂಡೆ ದಂಟಿಗೆ ಕಿವಿಗೊಟ್ಟ ನಮ್ಮ ಅತ್ತೆ

ಇಡೀ ನಾಶಿಕದಲ್ಲಿ ಅತಿ ಹೆಚ್ಚು ಪ್ರೇಮಸಲ್ಲಾಪ ಕದ್ದು ಕೇಳಿದವರು ಯಾರೆಂದರೆ, ನಾನು ಎದೆಯುಬ್ಬಿಸಿ ನನ್ನ ಸೋದರತ್ತೆಯನ್ನು ತೋರಿಸುತ್ತೇನೆ. ತಪ್ಪು ತಿಳಿಯಬೇಡಿ, ಎಲ್ಲವೂ ಹುಳಗಳವು!

ಬ್ಯಾಂಕಿನ ವರ್ಗಾವಣೆಯ ಮೇಲೆ ಬೀದರಿನಿಂದ ಬಂದ ಅತ್ತೆ ಮದುವೆಯಾಗದೆ ಇಲ್ಲೇ ನಿವೃತ್ತರಾದರು. ಆಮೇಲೆ ಬಾಲ್ಕನಿಯ ಕುಂಡಗಳಲ್ಲಿ ಬೆಂಡೆ ಹಾಕಿದರು. ಅದಕ್ಕೆ ಜಿಗಿಹುಳ ಬಂದವು. ಬೇರೆಯವರಾದರೆ ಔಷಧ ಹೊಡೆಯುತ್ತಾರೆ. ಅತ್ತೆ ಗಿಟಾರಿಗೆ ಸಿಕ್ಕಿಸುವ ಪುಟ್ಟ ಮೈಕು ತಂದು ದಂಟಿಗೆ ಸಿಕ್ಕಿಸಿ, ಅದರ ವಾಯರನ್ನು ಫೋನಿಗೆ ಚುಚ್ಚಿ, ಇಯರ್‌ಫೋನ್ ಹಾಕಿಕೊಂಡು ಕುಳಿತರು. ಗಂಡು ಹೊಟ್ಟೆ ನಡುಗಿಸಿ ತನ್ನ ಮಾತು ಕಳಿಸುತ್ತದಂತೆ. ಅದು ಗಾಳಿಯಲ್ಲಿ ನಮಗೆ ಕೇಳದು, ದಂಟಿನಲ್ಲೇ ಹರಿಯುತ್ತದೆ. ಹೆಣ್ಣಿಗೆ ಮೆಚ್ಚುಗೆಯಾದರೆ ಅದೂ ಮೈ ನಡುಗಿಸಿ ಉತ್ತರಿಸುತ್ತದೆ. ಇಲ್ಲದಿದ್ದರೆ ಸುಮ್ಮನಿರುತ್ತದೆ, ಅಷ್ಟೆ.

ಒಮ್ಮೆ ಆ ಗುರ್ರ್ ಸದ್ದನ್ನು ಸ್ಪೀಕರಿಗೆ ಹಾಕಿದಾಗ ನಾವು ವಹಿನಿ, ಅಂದರೆ ಅತ್ತಿಗೆ, ಎಂದು ಕರೆಯುವ ಪಕ್ಕದ ಮನೆಯಾಕೆ ಬಂದು, ಮಿಕ್ಸರ್ ಕೆಟ್ಟಿದೆಯೇ ಎಂದು ವಿಚಾರಿಸಿದರು. ವಿಷಯ ತಿಳಿದ ಮೇಲೆ, ಹೆಣ್ಣು ಒಪ್ಪಿತೋ ಇಲ್ಲವೋ ಗೊತ್ತಾಗುವ ತನಕ ಏಳಲೇ ಇಲ್ಲ. ಅತ್ತ ಅವರ ಒಲೆಯ ಮೇಲೆ ಬೇಳೆ ಸೀದುಹೋಯಿತು!

ಇಂಥ ಅತ್ತೆಗೆ ಅರವತ್ತೊಂದರಲ್ಲಿ ವರಗಳು ಬರತೊಡಗಿದವು. ಅಪ್ಪ ಅಳುಕುತ್ತಲೇ ವಿಷಯ ತೆಗೆದಾಗ ಅತ್ತೆ, ಬರಲಿ ನೋಡೋಣ ಎಂದಿದ್ದರು. ನೋಡುವುದೆಂದರೆ, ಬಂದವರ ಕಿವಿಗೆ ಇಯರ್‌ಫೋನ್ ಕೊಡುವುದು. ಮೊದಲನೆಯವರು ಕಣ್ಣು ಮುಚ್ಚಿ ತಲೆದೂಗಿ ಅದ್ಭುತ ಎಂದರು. ಎರಡನೆಯವರಿಗಂತೂ ಅದರಲ್ಲಿ ಭೈರವಿ ರಾಗವೇ ಕೇಳಿಸಿತು. ಇಬ್ಬರನ್ನೂ ಅತ್ತೆ ಚಹಾ ಕುಡಿಸಿ ಸಾಗಹಾಕಿದರು. ಯಾಕೆಂದು ನಾನು ಕೇಳಿದೆ.

"ನಾ ಮೈಕಿನ ವಾಯರ್ ಹಚ್ಚಿದ್ದೇ ಇಲ್ಲ," ಎಂದರು.

ಮೂರನೆಯವರು ಬಂದದ್ದು ಛತ್ರಪತಿ ಸಂಭಾಜಿನಗರದಿಂದ. ಮೂಲತಃ ಭಾಲ್ಕಿಯವರು, ಪತ್ನಿ ತೀರಿಕೊಂಡಿದ್ದ ನಿವೃತ್ತ ನೌಕರರು. ಇಯರ್‌ಫೋನನ್ನು ಎಡಗಿವಿಗಿಟ್ಟು ಕೇಳಿದರು, ಬಲಗಿವಿಗಿಟ್ಟು ಕೇಳಿದರು. ಮುಂದಿಟ್ಟ ಚಹಾಕ್ಕೆ ಕೆನೆ ಕಟ್ಟಿತು. ಕೊನೆಗೆ ಅವರು ಸಂಕೋಚದಿಂದ ತಲೆಯೆತ್ತಿದರು.

"ತಪ್ಪ ತಿಳೀಬ್ಯಾಡ್ರಿ. ನನಗೇನೂ ಕೇಳಸಲಿಲ್ಲರಿ."

ಅಡುಗೆಮನೆಯ ಬಾಗಿಲಲ್ಲಿದ್ದ ನನಗೆ ನಗು ಉಕ್ಕಿತು. ಅತ್ತೆ ನಗಲಿಲ್ಲ. ಮೈಕಿನ ವಾಯರ್ ಎತ್ತಿ ಫೋನಿಗೆ ಚುಚ್ಚಲು ಹೋದರು. ಎರಡು ಸಲ ತಪ್ಪಿತು. ಇಡೀ ಬ್ಯಾಂಕ್ ಶಾಖೆಯನ್ನು ಬೆರಳ ತುದಿಯಲ್ಲಿ ಕುಣಿಸಿದ ನಮ್ಮ ಅತ್ತೆಯ ಕೈ ಅದು! ಮೂರನೆಯ ಸಲ ಸಿಕ್ಕಿತು. ಇಯರ್‌ಫೋನಿನ ಒಂದು ತುದಿಯನ್ನು ಅವರಿಗೆ ಕೊಟ್ಟು, ಇನ್ನೊಂದನ್ನು ತಮ್ಮ ಕಿವಿಗಿಟ್ಟುಕೊಂಡರು.

"ಈಗ ಕೇಳ್ರಿ," ಎಂದರು ಮೆಲ್ಲಗೆ. "ಇಷ್ಟು ದಿನಾ ನಾ ಒಬ್ಬಾಕಿನೇ ಕೇಳ್ತಿದ್ದೆ."